ಎಲಿವೇಟರ್ ನೆರಳಿನ ಊರು

ಅಮೆರಿಕದ ಅಯೋವಾ ರಾಜ್ಯದಲ್ಲಿ ಕಾರಿನಲ್ಲಿ ಹೋಗುವವರಿಗೆ ಊರು ಕಾಣುವುದು ಆಮೇಲೆ, ಅದರ ಎಲಿವೇಟರ್ ಕಾಣುವುದು ಮೊದಲು. ರಸ್ತೆಯ ಎರಡೂ ಕಡೆ ಮೆಕ್ಕೆಜೋಳ, ಸೋಯಾ ಬಿಟ್ಟರೆ ಬೇರೇನೂ ಕಣ್ಣಿಗೆ ಬೀಳದ ಬಯಲು. ಮೈಲಿಗಟ್ಟಲೆ ದೂರದಲ್ಲಿ ದುಂಡನೆಯ ಬಿಳಿ ಕಾಂಕ್ರೀಟ್ ಕಟ್ಟಡಗಳ ಸಾಲೊಂದು ತಲೆ ಎತ್ತುತ್ತದೆ. ಹತ್ತಿರವಾದಂತೆ ನೀರಿನ ಟ್ಯಾಂಕು, ಚರ್ಚಿನ ಶಿಖರ, ಕೊನೆಗೆ ಮನೆಗಳು. ಇದು ಜನರನ್ನು ಮಹಡಿಗೆ ಒಯ್ಯುವ ಎಲಿವೇಟರ್ ಅಲ್ಲ. ಕಾಳನ್ನು ಮೇಲಕ್ಕೆತ್ತಿ ಸುರಿದು ಕೂಡಿಡುವ ದೊಡ್ಡ ಕಣಜ.

ಅಯೋವಾ, ಇಲಿನಾಯ್, ಮಿನೆಸೋಟ, ನೆಬ್ರಾಸ್ಕ ಮುಂತಾದ ಮಧ್ಯಪಶ್ಚಿಮ ರಾಜ್ಯಗಳ ಸಣ್ಣ ಊರುಗಳಲ್ಲಿ ಬದುಕು ಹೇಗಿದೆ ಎಂದು ತಿಳಿಯಬೇಕೆನ್ನುವವರು ಈ ಕಣಜದ ಕಚೇರಿಯಿಂದಲೇ ಶುರುಮಾಡಬಹುದು. ಊರು ಹುಟ್ಟಿದ್ದು, ನಿಂತದ್ದು, ಈಗ ಸೊರಗುತ್ತಿರುವುದು ಎಲ್ಲದರ ಲೆಕ್ಕವೂ ಅಲ್ಲಿದೆ.

ರೈಲಿನ ಬೆನ್ನಿಗೆ ಹುಟ್ಟಿದವು

ಇಲ್ಲಿನ ನೆಲಕ್ಕೆ ವಲಸಿಗ ರೈತರು ಬರುವ ಮೊದಲೇ ಗೆರೆ ಬಿದ್ದಿತ್ತು. 1785ರ ಭೂ ಕಾಯ್ದೆಯ ಪ್ರಕಾರ ಸರ್ಕಾರ ಬಯಲನ್ನೆಲ್ಲ ಚದರ ಮೈಲಿಗಳಾಗಿ ಅಳೆದು ಮಾರಿತು. ಒಂದೊಂದು ಚೌಕ 640 ಎಕರೆ. ಇಂದಿಗೂ ಮೈಲಿಗೊಂದರಂತೆ ನೇರ ರಸ್ತೆಗಳು ಒಂದನ್ನೊಂದು ಕತ್ತರಿಸುತ್ತ ಸಾಗುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಬಂತು. ರೈತ ಕುದುರೆಗಾಡಿಯಲ್ಲಿ ಕಾಳು ತಂದುಹಾಕಿ ಅದೇ ದಿನ ಮನೆ ಸೇರಬೇಕಲ್ಲ? ಆ ಲೆಕ್ಕದಲ್ಲಿ ಹಳಿಯುದ್ದಕ್ಕೂ ಏಳೆಂಟು, ಹತ್ತು ಮೈಲಿಗೊಂದು ನಿಲ್ದಾಣ, ಅದರ ಪಕ್ಕಕ್ಕೊಂದು ಎಲಿವೇಟರ್, ಎಲಿವೇಟರ್ ಸುತ್ತ ಬ್ಯಾಂಕು, ಅಂಗಡಿ, ಚರ್ಚು, ಶಾಲೆ ಬೆಳೆದವು.

ಎಲಿವೇಟರ್ ಎಂಬ ಯಂತ್ರ ಅಷ್ಟರಲ್ಲಿ ತಯಾರಾಗಿತ್ತು. ನ್ಯೂಯಾರ್ಕ್ ರಾಜ್ಯದ ಬಫಲೋ ಬಂದರಿನಲ್ಲಿ 1842ರಲ್ಲಿ ಜೋಸೆಫ್ ಡಾರ್ಟ್ ಎಂಬ ವ್ಯಾಪಾರಿ, ರಾಬರ್ಟ್ ಡನ್‌ಬಾರ್ ಎಂಬ ಎಂಜಿನಿಯರ್ ಜೊತೆ ಸೇರಿ, ಪಟ್ಟಿಗೆ ಸಾಲಾಗಿ ಕಟ್ಟಿದ ಬಕೆಟ್‌ಗಳನ್ನು ಉಗಿಯಂತ್ರದಿಂದ ತಿರುಗಿಸಿ ಹಡಗಿನ ಕಾಳನ್ನು ಎತ್ತಿಸಿದ. ಅಲ್ಲಿಯವರೆಗೆ ಆ ಕೆಲಸ ಕೂಲಿಗಳ ಬೆನ್ನ ಮೇಲೆ ನಡೆಯುತ್ತಿತ್ತು. ಒಮ್ಮೆ ಎತ್ತರಕ್ಕೇರಿಸಿದ ಕಾಳು ತನ್ನ ಭಾರಕ್ಕೆ ತಾನೇ ವ್ಯಾಗನ್ನಿಗೋ ಹಡಗಿಗೋ ಹರಿದುಬೀಳುತ್ತದೆ. ಚೀಲ ಬೇಡವಾಯಿತು. ಚೀಲ ಹೋದಮೇಲೆ ಇದು ಯಾರ ಹೊಲದ ಕಾಳು ಎಂಬ ಗುರುತೂ ಹೋಯಿತು. ದರ್ಜೆ ಕಟ್ಟಿ, ಒಟ್ಟಿಗೆ ಬೆರೆಸಿ, ರಸೀದಿಯ ಮೇಲೆ ವ್ಯಾಪಾರ ಮಾಡುವ ಪದ್ಧತಿ 1848ರಲ್ಲಿ ಆರಂಭವಾದ ಶಿಕಾಗೊ ಧಾನ್ಯ ವಿನಿಮಯ ಕೇಂದ್ರದಲ್ಲಿ ಬೇರೂರಿತು.

ಮೊದಮೊದಲು ಮರದ ಎಲಿವೇಟರ್‌ಗಳು. ಕಾಳಿನ ಧೂಳಿಗೆ ಕಿಡಿ ತಾಗಿದರೆ ಸಾಕು, ಹೊತ್ತಿ ಉರಿಯುತ್ತಿದ್ದವು. 1899ರಲ್ಲಿ ಮಿನಿಯಾಪೊಲಿಸ್ ಪಕ್ಕದಲ್ಲಿ ಫ್ರಾಂಕ್ ಪೀವಿ ಎಂಬ ಧಾನ್ಯದ ವ್ಯಾಪಾರಿ ಮತ್ತು ಚಾರ್ಲ್ಸ್ ಹ್ಯಾಗ್ಲಿನ್ ಎಂಬ ಕಟ್ಟಡ ನಿರ್ಮಾಪಕ ದುಂಡಗಿನ ಕಾಂಕ್ರೀಟ್ ಕಣಜ ಕಟ್ಟಲು ಹೊರಟಾಗ ಜನ ಅದನ್ನು ಪೀವಿಯ ಹುಚ್ಚಾಟವೆಂದು ಆಡಿಕೊಂಡರು. ಕಟ್ಟಡ ಇಂದಿಗೂ ನಿಂತಿದೆ. ಚಂಡೀಗಢ ನಗರದ ನಕ್ಷೆ ರೂಪಿಸಿದ ಲೆ ಕಾರ್ಬೂಸಿಯೆ 1923ರ ತನ್ನ ಪುಸ್ತಕದಲ್ಲಿ ಇಂಥ ಕಣಜಗಳ ಚಿತ್ರಗಳನ್ನು ಅಚ್ಚುಹಾಕಿ ಹೊಸ ಕಾಲದ ವಾಸ್ತುವಿಗೆ ಮಾದರಿ ಎಂದು ತೋರಿಸಿದ.

ರಾಕ್‌ವೆಲ್ ರೈತರ ಉಪಾಯ

ಎಲಿವೇಟರ್ ಬಂತು, ಅದರ ಯಜಮಾನಿಕೆ ಮಾತ್ರ ರೈತನ ಕೈಯಲ್ಲಿರಲಿಲ್ಲ. ಒಂದು ರೈಲುದಾರಿಯ ಉದ್ದಕ್ಕೂ ಒಂದೇ ಕಂಪನಿಯ ಎಲಿವೇಟರ್‌ಗಳು, ಕಂಪನಿ ಕಂಪನಿಗಳ ನಡುವೆ ಒಳಒಪ್ಪಂದ. ಅವರು ಹೇಳಿದ್ದೇ ದರ, ಅವರು ತೂಗಿದ್ದೇ ತೂಕ. ರೈತರು 1870ರ ದಶಕದಲ್ಲಿ ತಮ್ಮದೇ ಸಂಘಗಳನ್ನು ಕಟ್ಟಿ ನೋಡಿದರು. ಕಂಪನಿಗಳು ಒಂದಷ್ಟು ಕಾಲ ನಷ್ಟ ಮಾಡಿಕೊಂಡಾದರೂ ಹೆಚ್ಚು ದರ ಕೊಟ್ಟು ಸದಸ್ಯರನ್ನು ಸೆಳೆದವು. ಸಂಘ ಬಾಗಿಲು ಮುಚ್ಚಿದ ಮೇಲೆ ದರ ಮತ್ತೆ ಹಳೆಯದಕ್ಕೇ ಇಳಿಯಿತು.

ಈ ಪಟ್ಟು ಬಿಡಿಸಿದ್ದು ಉತ್ತರ ಅಯೋವಾದ ರಾಕ್‌ವೆಲ್. ಇಂದಿಗೂ ಅಲ್ಲಿ ಸಾವಿರ ಚಿಲ್ಲರೆ ಜನ. 1889ರಲ್ಲಿ ಅಲ್ಲಿನ ರೈತರು ಸಹಕಾರ ಸಂಘ ಕಟ್ಟಿದಾಗ ಒಂದು ಷರತ್ತು ಸೇರಿಸಿದರು: ಸದಸ್ಯ ತನ್ನ ಕಾಳನ್ನು ಯಾರಿಗೆ ಬೇಕಾದರೂ ಮಾರಲಿ, ಆದರೆ ಬುಷೆಲ್ ಎಂಬ ಕಾಳಿನ ಅಳತೆಗೆ ಇಷ್ಟು ಎಂದು ಸಣ್ಣ ಕಮಿಷನ್ ಸಂಘಕ್ಕೆ ಕಟ್ಟಬೇಕು. ಕಂಪನಿ ಹೆಚ್ಚು ದರ ಕೊಟ್ಟರೆ ರೈತ ಅಲ್ಲೇ ಮಾರುತ್ತಾನೆ, ಆ ಲಾಭದ ತುಣುಕೊಂದು ಸಂಘಕ್ಕೆ ಬರುತ್ತದೆ. ಸಂಘವನ್ನು ಮುಗಿಸಲು ಕಂಪನಿ ಸುರಿದ ಹಣದಲ್ಲೇ ಸಂಘ ಬದುಕಿತು. ಮುಂದೆ ಬಂದ ಅನೇಕ ಸಂಘಗಳು ಇದೇ ಷರತ್ತನ್ನು ಎತ್ತಿಕೊಂಡವು. ರೈತರು ಹೀಗೆ ಒಟ್ಟಾಗಿ ಮಾರುವುದು ಅಪರಾಧವಲ್ಲ ಎಂದು 1922ರ ಕ್ಯಾಪರ್-ವೋಲ್‌ಸ್ಟೆಡ್ ಕಾಯ್ದೆ ಮುದ್ರೆ ಒತ್ತಿತು.

ಒಂದು ಲೋಡಿನ ದಾರಿ

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಸುಗ್ಗಿ. ಲಾರಿ ಮೊದಲು ತೂಕದ ಕಟ್ಟೆ ಹತ್ತುತ್ತದೆ. ಕಚೇರಿಯೊಳಗೆ ಕುಳಿತವರು ಗುಂಡಿ ಒತ್ತಿದರೆ ಉದ್ದನೆಯ ಕಬ್ಬಿಣದ ತೋಳು ಬಾಗಿ ಬಂದು ಲೋಡಿನ ಮೂರ್ನಾಲ್ಕು ಕಡೆ ಚುಚ್ಚಿ ಕಾಳಿನ ಮಾದರಿ ಹೀರಿಕೊಳ್ಳುತ್ತದೆ. ತೇವ ಎಷ್ಟು, ಒಡೆದ ಕಾಳು ಎಷ್ಟು, ಕಸ ಎಷ್ಟು ಎಂಬುದು ಲಾರಿ ಕಟ್ಟೆ ಇಳಿಯುವ ಮುನ್ನವೇ ಗೊತ್ತಾಗುತ್ತದೆ. ಮೆಕ್ಕೆಜೋಳಕ್ಕೆ ಸಾಮಾನ್ಯವಾಗಿ ಶೇ 15 ತೇವಾಂಶವೇ ಗೆರೆ. ಅದಕ್ಕಿಂತ ಹೆಚ್ಚಿದ್ದರೆ ಒಣಗಿಸುವ ಖರ್ಚೂ ಇಳಿಯುವ ತೂಕವೂ ರೈತನ ಲೆಕ್ಕಕ್ಕೆ. ದಾವಣಗೆರೆ, ಹಾವೇರಿ ಕಡೆ ರಸ್ತೆಯಂಚಿನಲ್ಲಿ ಮೆಕ್ಕೆಜೋಳ ಹರವಿ ಒಣಗಿಸುವವರಿಗೆ ಈ ತೇವದ ತಕರಾರು ಹೊಸದಲ್ಲ. ಇಲ್ಲಿ ಅದನ್ನು ಯಂತ್ರ ಚೀಟಿಯಲ್ಲಿ ಅಚ್ಚುಹಾಕಿ ಕೊಡುತ್ತದೆ, ಅಷ್ಟೇ.

ಆಮೇಲೆ ಲಾರಿ ಕಬ್ಬಿಣದ ಜಾಲರಿಯ ಮೇಲೆ ನಿಂತು ಹೊಟ್ಟೆಯ ಬಾಗಿಲು ತೆರೆಯುತ್ತದೆ. ಒಂಬೈನೂರು ಬುಷೆಲ್ ಎಂದರೆ ಸುಮಾರು 23 ಟನ್ ಮೆಕ್ಕೆಜೋಳ ಕೆಲವೇ ನಿಮಿಷಗಳಲ್ಲಿ ಗುಂಡಿಗಿಳಿಯುತ್ತದೆ. ಡಾರ್ಟ್ ಕಾಲದ ಬಕೆಟ್ ಪಟ್ಟಿಯ ಮೊಮ್ಮಗನೇ ಅದನ್ನು ತುದಿಗೆ ಒಯ್ಯುತ್ತದೆ. ಖಾಲಿ ಲಾರಿಯನ್ನು ಮತ್ತೆ ತೂಗಿ ರಸೀದಿ ಕೊಡುತ್ತಾರೆ. ದರ ಎಂದರೆ ಶಿಕಾಗೊ ದರ. ಸಾಗಣೆ, ಬೇಡಿಕೆ ನೋಡಿಕೊಂಡು ಅದರಲ್ಲಿ ಸ್ಥಳೀಯವಾಗಿ ಒಂದಿಷ್ಟು ಕಳೆಯುತ್ತಾರೆ, ಅಪರೂಪಕ್ಕೆ ಕೂಡಿಸುತ್ತಾರೆ. ಇಷ್ಟೆಲ್ಲ ಮೆಕ್ಕೆಜೋಳದಲ್ಲಿ ಯಾರೂ ಸುಟ್ಟು ತಿನ್ನುವ ತೆನೆಯಿಲ್ಲ. ಅಯೋವಾದ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಎಥೆನಾಲ್ ಕಾರ್ಖಾನೆಗೆ, ಉಳಿದದ್ದರಲ್ಲಿ ದೊಡ್ಡ ಪಾಲು ಹಂದಿ, ಕೋಳಿಗಳ ಮೇವಿಗೆ. ಮನುಷ್ಯರು ಮೂವತ್ತೆರಡು ಲಕ್ಷವಿರುವ ರಾಜ್ಯದಲ್ಲಿ ಹಂದಿಗಳು ಎರಡು ಕೋಟಿಗೂ ಮಿಗಿಲು.

ಸೈರನ್ ಕೂಗಿದಾಗ

ಎಲಿವೇಟರ್ ಕಚೇರಿಯಲ್ಲಿ ಕಾಫಿ ಪಾಟು ಆರುವುದಿಲ್ಲ. ಬೀಜ ಕಂಪನಿಯ ಟೋಪಿ ಹಾಕಿಕೊಂಡ ಹಿರಿಯರು ಮಾರುವುದೇನೂ ಇಲ್ಲದ ದಿನವೂ ಬಂದು ಕೂರುತ್ತಾರೆ. ಮಳೆ, ದರ, ಶಾಲೆಯ ಬ್ಯಾಸ್ಕೆಟ್‌ಬಾಲ್ ಪಂದ್ಯ, ಯಾರ ಮೊಣಕಾಲಿಗೆ ಆಪರೇಷನ್ ಆಯಿತು ಎಂಬ ಸುದ್ದಿ. ರಸ್ತೆಯಲ್ಲಿ ಎದುರಾದ ಪ್ರತಿ ಗಾಡಿಗೂ ಸ್ಟೀರಿಂಗ್ ಮೇಲಿನ ಒಂದು ಬೆರಳೆತ್ತಿ ನಮಸ್ಕಾರ ಸಲ್ಲುತ್ತದೆ. ಸುಗ್ಗಿಯ ಹೊತ್ತಿಗೆ ರೈತನೊಬ್ಬ ತೀರಿಕೊಂಡರೆ ಅಕ್ಕಪಕ್ಕದವರು ತಮ್ಮ ಕೊಯ್ಲು ಬಿಟ್ಟು ಯಂತ್ರಗಳೊಡನೆ ಬಂದು ಅವನ ಹೊಲ ಕೊಯ್ದುಕೊಟ್ಟು ಹೋಗುತ್ತಾರೆ. ಅದೇ ಊರಿನಲ್ಲಿ ಯಾರ ಮನೆ ಮುಂದೆ ಯಾರ ಕಾರು ನಿಂತಿತ್ತೆಂಬುದೂ ಬೆಳಗಾಗುವಷ್ಟರಲ್ಲಿ ಎಲ್ಲರಿಗೂ ತಿಳಿದಿರುತ್ತದೆ. ಹೊಸಬರು ಇಪ್ಪತ್ತು ವರ್ಷವಿದ್ದರೂ ಹೊಸಬರೇ.

ಅಗ್ನಿಶಾಮಕ ದಳ ಇಲ್ಲಿ ಸರ್ಕಾರಿ ನೌಕರಿಯಲ್ಲ. ಮೆಕ್ಯಾನಿಕ್, ಮೇಷ್ಟ್ರು, ರೈತ ಎಲ್ಲರೂ ಸ್ವಯಂಸೇವಕರು. ಸೈರನ್ ಕೂಗಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು. ಬೆಂಕಿಗಿಂತ ಅವರು ಹೆದರುವುದು ಕಣಜಕ್ಕೆ. ಕೆಳಗಿನ ಬಾಯಿ ತೆರೆದು ಕಾಳು ಹರಿಯುವಾಗ ಮೇಲೆ ನಿಂತವನು ಕೆಲವೇ ಸೆಕೆಂಡುಗಳಲ್ಲಿ ಮೊಣಕಾಲುದ್ದ ಹೂತುಹೋಗುತ್ತಾನೆ, ಅರ್ಧ ನಿಮಿಷದಲ್ಲಿ ಪೂರ್ತಿ ಮುಳುಗಬಹುದು. ಸೊಂಟದವರೆಗೆ ಹೂತವನನ್ನು ಹಗ್ಗ ಕಟ್ಟಿ ಎಳೆದರೆ ಅವನ ಮೈಗೇ ಪೆಟ್ಟು. ಸುತ್ತಲೂ ಲೋಹದ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಕೊಳವೆಯಂತೆ ಜೋಡಿಸಿ, ಒಳಗಿನ ಕಾಳನ್ನು ಮೊಗೆದು ತೆಗೆಯಬೇಕು. ಗಂಟೆಗಟ್ಟಲೆ ಹಿಡಿಯುವ ಈ ಕೆಲಸದಲ್ಲಿ ಸಿಕ್ಕಿಬಿದ್ದವನು ಬಹಳ ಸಲ ಬಿಡಿಸುವವರ ಗೆಳೆಯನೋ ನಂಟನೋ ಆಗಿರುತ್ತಾನೆ.

ಗಾಯಗೊಂಡವರನ್ನು ಒಯ್ಯುವ, ಇಂಥ ಊರುಗಳ ಬಳಿಯ ಆಸ್ಪತ್ರೆಗಳಲ್ಲಿ ಭಾರತೀಯ ವೈದ್ಯರು ಕಾಣುವುದು ಆಕಸ್ಮಿಕವಲ್ಲ. ವಿನಿಮಯ ವೀಸಾದಲ್ಲಿ ತರಬೇತಿ ಮುಗಿಸಿದ ವಿದೇಶಿ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಲೇಬೇಕು. ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿದರೆ ಅದರಿಂದ ವಿನಾಯಿತಿ ಕೊಡುವ ಕಾನೂನು 1994ರಲ್ಲಿ ಬಂತು. ಕರ್ನಾಟಕದ ಕಾಲೇಜುಗಳಲ್ಲಿ ಓದಿದವರೂ ಈ ದಾರಿಯಲ್ಲಿ ಬಂದಿದ್ದಾರೆ.

ಕಣಜ ದೊಡ್ಡದು, ಊರು ಸಣ್ಣದು

1950ರಲ್ಲಿ ಅಯೋವಾದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೃಷಿ ಕುಟುಂಬಗಳ ಜಮೀನುಗಳಿದ್ದವು. 2022ರಲ್ಲಿ ಉಳಿದದ್ದು ಸುಮಾರು 87,000. ಹತ್ತು ಸಾವಿರ ಮೈಲಿ ದಾಟಿದ್ದ ರೈಲುಹಳಿ ಈಗ ನಾಲ್ಕು ಸಾವಿರಕ್ಕೂ ಕಡಿಮೆ. ನೂರಕ್ಕೂ ಹೆಚ್ಚು ವ್ಯಾಗನ್‌ಗಳ ರೈಲನ್ನು ಒಂದೇ ದಿನದಲ್ಲಿ ತುಂಬಿಸಬಲ್ಲ ದೊಡ್ಡ ಎಲಿವೇಟರ್‌ಗೆ ಸಾಗಣೆ ಅಗ್ಗ, ದರ ಮೇಲು. ಹಾಗಾಗಿ ಊರಿಗೊಂದಿದ್ದ ಸಂಘಗಳು ಒಂದರೊಳಗೊಂದು ವಿಲೀನಗೊಳ್ಳುತ್ತ ಬಂದಿವೆ. ಶಾಲೆಗಳ ಕಥೆಯೂ ಅದೇ. ರಾಕ್‌ವೆಲ್ ಶಾಲೆ ಮೊದಲು ಪಕ್ಕದ ಸ್ವೇಲ್‌ಡೇಲ್ ಜೊತೆ ಸೇರಿತು. 2011ರಲ್ಲಿ ಅದು ಶೆಫೀಲ್ಡ್, ಚೇಪಿನ್, ಮೆಸರ್ವಿ, ಥಾರ್ನ್‌ಟನ್ ಊರುಗಳದರೊಡನೆ ಕೂಡಿ ವೆಸ್ಟ್ ಫೋರ್ಕ್ ಎಂಬ ಒಂದೇ ಶಾಲಾ ಜಿಲ್ಲೆಯಾಯಿತು. ಆರು ಊರುಗಳ ಮಕ್ಕಳಿಗೆ ಈಗ ಒಂದೇ ತಂಡದ ಜೆರ್ಸಿ.

ಇದನ್ನೆಲ್ಲ ಹೊರಗಿನ ಕಂಪನಿಯ ತಲೆಗೆ ಕಟ್ಟುವಂತಿಲ್ಲ. ಬಹುತೇಕ ಸಂಘಗಳಲ್ಲಿ ಎಂಬತ್ತು ಎಕರೆಯವನಿಗೂ ಐದು ಸಾವಿರ ಎಕರೆಯವನಿಗೂ ಒಂದೇ ಮತ. ವಿಲೀನದ ಪ್ರಸ್ತಾಪ ಬಂದಾಗ ಬುಷೆಲ್‌ಗೆ ನಾಲ್ಕು ಸೆಂಟ್ ಹೆಚ್ಚು ಸಿಗುವುದಾದರೆ ಯಾರು ತಾನೇ ಬೇಡವೆಂದಾರು? ರೈತನಾಗಿ ಅವನ ಲೆಕ್ಕ ಸರಿಯಾಗಿಯೇ ಇದೆ. 1889ರಲ್ಲಿ ರಾಕ್‌ವೆಲ್‌ನವರು ಹೋರಾಡಿದ್ದೂ ಒಳ್ಳೆಯ ದರಕ್ಕೇ. ಆದರೆ ಆಗ ಒಳ್ಳೆಯ ದರ ಸಿಗುವ ಜಾಗ ಮತ್ತು ಸ್ವಂತ ಊರು ಎರಡೂ ಒಂದೇ ಆಗಿದ್ದವು. ಈಗ ದರ ಮೂವತ್ತು ಮೈಲಿ ಆಚೆಗಿದೆ. ಅದನ್ನು ಹುಡುಕಿ ಹೋಗುವ ಲಾರಿಯ ಹಿಂದೆಯೇ ಟೈರ್ ಅಂಗಡಿಯವನ ಗಿರಾಕಿ, ಕೆಫೆಯ ಬೆಳಗಿನ ವ್ಯಾಪಾರ, ಅಗ್ನಿಶಾಮಕ ದಳಕ್ಕೆ ಬೇಕಾದ ಹರೆಯದ ಕೈಗಳೂ ಹೊರಟುಹೋಗುತ್ತವೆ. ಮಾರುವವನ ಲಾಭ, ಊರಿನವನ ನಷ್ಟ ಎರಡೂ ಒಬ್ಬನೇ ಸದಸ್ಯನ ಖಾತೆಗೆ ಬೀಳುತ್ತಿವೆ. ಸಂಘದ ವಾರ್ಷಿಕ ವರದಿಯಲ್ಲಿ ಅಚ್ಚಾಗುವುದು ಮಾತ್ರ ಮೊದಲನೆಯದು.