ಗೆದ್ದ ಕೈಯೇ ಕಲಿಸಿದಾಗ

2002ರ ಫೆಬ್ರವರಿಯಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಐವರು ಮಹಿಳೆಯರು ಬ್ರಿಟನ್ನಿಗೆ ಚಿನ್ನದ ಪದಕ ತಂದರು. ಕೆಲವು ಪತ್ರಿಕೆಗಳು ಅವರನ್ನು 'ಗೃಹಿಣಿಯರು' ಎಂದೇ ಬಣ್ಣಿಸಿದವು. ಆ ತಂಡದ ನಾಯಕಿ ರೋನಾ ಮಾರ್ಟಿನ್. ವಯಸ್ಸು 35, ಇಬ್ಬರು ಮಕ್ಕಳ ತಾಯಿ.

ಅವರು ಆಡಿದ ಆಟ ಕರ್ಲಿಂಗ್. ನಮ್ಮ ನಾಡಿನ ಓದುಗರಿಗೆ ಇದರ ಪರಿಚಯ ಕಡಿಮೆಯೆಂದೇ ಹೇಳಬೇಕು. ಸುಮಾರು 20 ಕಿಲೋ ತೂಕದ ಹಿಡಿಯುಳ್ಳ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ, ದೂರದ ವೃತ್ತದ ನಡುವಿಗೆ ಮುಟ್ಟಿಸಬೇಕು. ಜೊತೆಗಾತಿಯರು ಕಲ್ಲಿನ ಮುಂದೆ ಮಂಜನ್ನು ಬ್ರಷ್‌ನಿಂದ ಉಜ್ಜುತ್ತ, ಅದು ಇನ್ನಷ್ಟು ದೂರ, ಇನ್ನಷ್ಟು ನೇರವಾಗಿ ಸಾಗುವಂತೆ ಮಾಡುತ್ತಾರೆ. ಒಲಿಂಪಿಕ್ಸ್‌ನ ಕಲ್ಲುಗಳಿಗೆ ಗ್ರಾನೈಟ್ ಒದಗುವುದು ರೋನಾ ಹುಟ್ಟಿದ ಏರ್‌ಶೈರ್ ತೀರದಾಚೆಯ ಐಲ್ಸಾ ಕ್ರೇಗ್ ದ್ವೀಪದಿಂದ.

ಗೆಲುವಿನ ಹಾದಿ ಸುಗಮವಾಗಿರಲಿಲ್ಲ. ಮೊದಲ ಸುತ್ತಿನ ಒಂಬತ್ತು ಪಂದ್ಯಗಳಲ್ಲಿ ನಾಲ್ಕನ್ನು ಸೋತ ತಂಡ, ಎರಡು ನಿರ್ಣಾಯಕ ಪಂದ್ಯಗಳನ್ನು ಗೆದ್ದು ಉಳಿದುಕೊಂಡಿತು. ಉಪಾಂತ್ಯದಲ್ಲಿ ಕೆನಡಾವನ್ನು ಮಣಿಸಿತು. ಸ್ವಿಟ್ಜರ್ಲೆಂಡ್ ವಿರುದ್ಧದ ಅಂತಿಮ ಪಂದ್ಯದಲ್ಲಿ ಕೊನೆಯ ಕಲ್ಲು ರೋನಾ ಅವರದು. ಅಂಕ 3–3. ಅವರು ಜಾರಿಸಿದ ಕಲ್ಲು ಮೆಲ್ಲನೆ ಬಾಗುತ್ತ ಸಾಗಿ, ಎದುರಾಳಿಯ ಕಲ್ಲನ್ನು ಸರಿಸಿ, ತಾನು ನಡುವಿನ ಬಳಿ ನೆಲೆಸಿತು. 1984ರ ನಂತರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ದೊರೆತ ಮೊದಲ ಚಿನ್ನವದು.

2006ರಲ್ಲಿ ಟುರಿನ್‌ನಲ್ಲಿ ಅವರಿಗೆ ಪದಕ ಒಲಿಯಲಿಲ್ಲ. ಆದರೆ ಅವರು ಆಟವನ್ನು ತೊರೆಯದೆ, ಕಲಿಸುವ ಪಾತ್ರಕ್ಕೆ ಸರಿದರು. ರೋನಾ ಹೋವಿ ಎಂಬ ಹೆಸರಿನಿಂದ 2014ರ ಸೋಚಿ ಒಲಿಂಪಿಕ್ಸ್‌ಗೆ ತರಬೇತುದಾರರಾಗಿ ತೆರಳಿದರು. ಈವ್ ಮ್ಯೂರ್‌ಹೆಡ್ ನಾಯಕತ್ವದ ಆ ತಂಡ ಅದೇ ಸ್ವಿಟ್ಜರ್ಲೆಂಡನ್ನು 6–5ರಿಂದ ಸೋಲಿಸಿ ಕಂಚು ಗಳಿಸಿತು. ರೋನಾ ಚಿನ್ನ ಗೆದ್ದಾಗ ಈವ್ ಹನ್ನೊಂದರ ಬಾಲಕಿ. ಆಡುವವರಿಗೆ ಕೊನೆಯ ಕಲ್ಲಾದರೂ ತಮ್ಮ ಕೈಯಲ್ಲಿರುತ್ತದೆ. ಕಲಿಸುವವರು ಆ ಗಳಿಗೆಯಲ್ಲಿ ಕೈಕಟ್ಟಿ ನೋಡಬೇಕು. ಗೆದ್ದವರಿಗೆ ಇದು ಸುಲಭದ ತ್ಯಾಗವಲ್ಲವೆಂದು ನಾವು ಭಾವಿಸುತ್ತೇವೆ.

ಅದೇ 2014ರಲ್ಲಿ ಡಮ್ಫ್ರೀಸ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದ ರೋನಾ ಅವರ ಚಿನ್ನದ ಪದಕ ಕಳುವಾಯಿತು. ಎಂಟು ವರ್ಷಗಳ ನಂತರ, 2022ರಲ್ಲಿ, ಬೀಜಿಂಗ್‌ನಲ್ಲಿ ಬೇರೆ ತರಬೇತುದಾರರ ಮಾರ್ಗದರ್ಶನದಲ್ಲಿ ಈವ್ ತಂಡ ಜಪಾನನ್ನು 10–3ರಿಂದ ಸೋಲಿಸಿ ಚಿನ್ನ ಗೆದ್ದಿತು. ಪದಕವನ್ನು ಕಳ್ಳರು ಒಯ್ಯಬಹುದು. ಒಬ್ಬರು ಮತ್ತೊಬ್ಬರಿಗೆ ಕಲಿಸಿಕೊಟ್ಟ ವಿದ್ಯೆಯನ್ನು ಒಯ್ಯಲಾರರು. ಮನೆಯ ಹೆಣ್ಣುಮಕ್ಕಳು ಆಟದ ಬಯಲಿಗೆ ಹೊರಟಾಗ ತಡೆಯುವ ಮುನ್ನ, ನಾವು ಹಿರಿಯರು ಈ ಮಾತನ್ನು ಒಮ್ಮೆ ನೆನೆಯುವುದು ಒಳಿತು.