ಅಷ್ಟಮಿಯ ನೀರು, ಅಲಾಸ್ಕದ ಮೀನು



ಮೀನು ಹಿಡಿಯುವ ವಿಷಯವನ್ನು ಕನ್ನಡ ಪಂಡಿತನೊಬ್ಬ ಹೇಳಹೊರಟರೆ ನೀವು ನಕ್ಕೀರಿ. ನಗಬೇಕಾದ್ದೇ. ನಾನು ಗಾಳ ಹಿಡಿದವನಲ್ಲ, ಮೀನು ತಿಂದವನೂ ಅಲ್ಲ. ಹೈಸ್ಕೂಲಿನ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುವುದರಲ್ಲೇ ಆಯುಷ್ಯದ ಬಹುಭಾಗ ಕಳೆಯಿತು. ಆದರೆ ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಅಮೆರಿಕದ ಸಿಯಾಟಲ್ ನಗರದಲ್ಲಿ ಇಂಜಿನಿಯರಾಗಿರುವವನು, ವಿಚಿತ್ರವಾದ ಪ್ರಶ್ನೆಯೊಂದನ್ನು ಬರೆದು ಕಳುಹಿಸಿದ: "ಮೇಷ್ಟ್ರೆ, ಜುಲೈ ತಿಂಗಳಲ್ಲಿ ಅಷ್ಟಮಿ ಯಾವ ದಿನ ಬರುತ್ತದೆ, ಪಂಚಾಂಗ ನೋಡಿ ತಿಳಿಸುತ್ತೀರಾ? ಮಗನನ್ನು ಕರೆದುಕೊಂಡು ಅಲಾಸ್ಕಕ್ಕೆ ಮೀನು ಹಿಡಿಯಲು ಹೋಗುವವನಿದ್ದೇನೆ."

ಕೈಯಲ್ಲೇ ಯಂತ್ರವಿಟ್ಟುಕೊಂಡಿರುವವನು ಇದನ್ನು ನನ್ನಿಂದಲೇ ತಿಳಿಯಬೇಕಾಗಿರಲಿಲ್ಲ. ಮೇಷ್ಟರನ್ನು ಮಾತಿಗೆಳೆಯುವ ನೆಪವಿರಬೇಕು. ಆದರೂ ಅಷ್ಟಮಿಗೂ ಅಲಾಸ್ಕದ ಮೀನಿಗೂ ಏನು ನಂಟು ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಓದಿದೆ, ಅವನನ್ನೂ ಕೇಳಿದೆ. ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಸ್ಥಳದ ಪರಿಚಯವಾಗಲಿ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವಿಸ್ತಾರದಲ್ಲಿ ಎಲ್ಲಕ್ಕೂ ದೊಡ್ಡ ರಾಜ್ಯ ಅಲಾಸ್ಕ. ರಷ್ಯದ ಚಕ್ರವರ್ತಿ ೧೮೬೭ರಲ್ಲಿ ೭೨ ಲಕ್ಷ ಡಾಲರಿಗೆ ಮಾರಿದ ನಾಡು ಅದು. ಅದರ ದಕ್ಷಿಣ ಭಾಗದಲ್ಲಿ ಕೀನೈ ಎಂಬ ಪರ್ಯಾಯದ್ವೀಪ. ಅಲ್ಲಿ ಕಾಚಮ್ಯಾಕ್ ಕೊಲ್ಲಿ. ಕೊಲ್ಲಿಯ ದಡದಲ್ಲಿ ಹೋಮರ್ ಎಂಬ ಊರು. ಗ್ರೀಕ್ ಮಹಾಕವಿಯ ಹೆಸರೆಂದು ನಾನು ಹಿಗ್ಗಿದ್ದೆ. ಹಾಗಲ್ಲವಂತೆ, ೧೮೯೬ರ ಸುಮಾರಿಗೆ ಚಿನ್ನ ಹುಡುಕುವವರ ತಂಡ ಕಟ್ಟಿಕೊಂಡು ಬಂದ ಹೋಮರ್ ಪೆನಾಕ್ ಎಂಬವನ ಹೆಸರಂತೆ. ಊರಿನಿಂದ ಸುಮಾರು ನಾಲ್ಕೂವರೆ ಮೈಲಿ ಉದ್ದದ ಮರಳುದಿಣ್ಣೆಯೊಂದು ನಾಲಗೆಯಂತೆ ಕೊಲ್ಲಿಯೊಳಕ್ಕೆ ಚಾಚಿಕೊಂಡಿದೆ. ದೋಣಿಗಳು ಹೊರಡುವುದು ಅಲ್ಲಿಂದ. ಎದುರು ದಡದಲ್ಲಿ ಹಿಮದ ಬೆಟ್ಟಗಳು, ಅವುಗಳ ಬುಡದಲ್ಲಿ ಕಾಡು. ಹೋಮರಿನಿಂದ ಅಲ್ಲಿಗೆ ರಸ್ತೆಯಿಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೆ ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲಿ. ಆ ಕಾಡಂಚಿನಲ್ಲಿ ಬೇಸಗೆಯ ಅತಿಥಿಗಳಿಗೆಂದು ಮರದ ಮನೆಗಳನ್ನು ಕಟ್ಟಿದ್ದಾರೆ. ಅವಕ್ಕೆ ಲಾಡ್ಜ್ ಎಂದು ಹೆಸರು. ನಮ್ಮ ಬಸ್ ನಿಲ್ದಾಣದೆದುರಿನ ಲಾಡ್ಜನ್ನು ನೆನೆಯಬೇಡಿ. ಇಲ್ಲಿ ವಸತಿ, ಊಟ, ದೋಣಿ, ದೋಣಿಯವ, ಗಾಳ, ಎರೆ ಎಲ್ಲವೂ ಒಂದೇ ಲೆಕ್ಕದಲ್ಲಿ. ಹಿಡಿದ ಮೀನನ್ನು ಹೆಚ್ಚಿ, ಹಿಮಗಟ್ಟಿಸಿ, ಕಟ್ಟಿಕೊಡುವುದೂ ಉಂಟು.

ಅಲ್ಲಿಗೆ ಹೋದವರು ಬೆಳಗ್ಗೆ ಎದ್ದೊಡನೆ ಕೇಳುವ ಪ್ರಶ್ನೆ ಒಂದೇ: ಇವೊತ್ತು ಮೀನು ಸಿಕ್ಕೀತೆ? ಇದಕ್ಕೆ ಉತ್ತರ ಹೇಳುವವರು ಮೂವರು: ಚಂದ್ರ, ಗಾಳಿ ಮತ್ತು ತಿಂಗಳು.

ಚಂದ್ರನ ಮಾತು ಮೊದಲು. ಚಂದ್ರನನ್ನು ಕಂಡರೆ ಕಡಲು ಉಕ್ಕುತ್ತದೆಂದು ನಮ್ಮ ಕವಿಗಳು ಹಾಡುತ್ತ ಬಂದದ್ದು ಬರಿಯ ಅಲಂಕಾರವಲ್ಲ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಮೂರೂ ಹೆಚ್ಚುಕಡಮೆ ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಇಬ್ಬರ ಸೆಳೆತವೂ ಕೂಡಿ ಭರತ ದೊಡ್ಡದಾಗುತ್ತದೆ, ಇಳಿತವೂ ಆಳವಾಗುತ್ತದೆ. ಅಷ್ಟಮಿಯ ಸುಮಾರಿಗೆ ಅವರಿಬ್ಬರೂ ಲಂಬಕೋನದಲ್ಲಿ ನಿಲ್ಲುತ್ತಾರೆ, ಒಬ್ಬನ ಸೆಳೆತವನ್ನು ಇನ್ನೊಬ್ಬನದು ತಗ್ಗಿಸುತ್ತದೆ, ಏರಿಳಿತ ಕಡಮೆಯಾಗುತ್ತದೆ. ಪರಿಣಾಮ ಕಾಣುವುದು ಒಂದೆರಡು ದಿನ ತಡವಾಗಿ. ಕಾಚಮ್ಯಾಕ್ ಕೊಲ್ಲಿಯಲ್ಲಿ ಪರ್ವದ ದಿನಗಳ ಏರಿಳಿತ ೨೫ ಅಡಿಯನ್ನೂ ಮೀರುತ್ತದೆ. ಎರಡಂತಸ್ತಿನ ಮನೆ ಮುಳುಗುವಷ್ಟು ನೀರು ಆರು ಗಂಟೆಗಳಲ್ಲಿ ಒಳಗೆ ನುಗ್ಗಿ, ಮುಂದಿನ ಆರು ಗಂಟೆಗಳಲ್ಲಿ ಹೊರಗೆ ಹರಿದುಹೋಗುವುದನ್ನು ಊಹಿಸಿಕೊಳ್ಳಿ. ಅದು ಕಡಲಲ್ಲ, ದಿಕ್ಕು ಬದಲಾಯಿಸುವ ಹೊಳೆ.

ಈ ಹೊಳೆಯ ತಳದಲ್ಲಿ ಮಲಗಿರುತ್ತದೆ ಹಾಲಿಬಟ್. ನಮ್ಮ ಕರಾವಳಿಯವರು ನಂಗು ಎನ್ನುವ ಚಪ್ಪಟೆ ಮೀನನ್ನು ಬಲ್ಲಿರಷ್ಟೆ. ಅದೇ ಬಗೆಯ ಮೀನು ಆಳೆತ್ತರವನ್ನು ಮೀರಿ ಬೆಳೆದರೆ ಹೇಗಿದ್ದೀತೋ ಹಾಗೆ. ೧೯೯೬ರಲ್ಲಿ ಅಲಾಸ್ಕದ ಡಚ್ ಹಾರ್ಬರ್ ಬಳಿ ಗಾಳಕ್ಕೆ ಸಿಕ್ಕಿದ ಒಂದು ಹಾಲಿಬಟ್ ೪೫೯ ಪೌಂಡು, ಎಂದರೆ ಸುಮಾರು ೨೦೮ ಕಿಲೋ ತೂಗಿತು. ಇದರ ಹುಟ್ಟು ಇನ್ನೂ ವಿಚಿತ್ರ. ಮರಿಯಾಗಿದ್ದಾಗ ಎಲ್ಲ ಮೀನಿನಂತೆ ತಲೆಯ ಎರಡು ಪಕ್ಕದಲ್ಲಿ ಎರಡು ಕಣ್ಣು. ನೀರಿನಲ್ಲಿ ತೇಲುತ್ತ ಬೆಳೆಯುವ ಆ ತಿಂಗಳುಗಳಲ್ಲಿ ಎಡಗಣ್ಣು ಮೆಲ್ಲಮೆಲ್ಲನೆ ತಲೆಯನ್ನು ಬಳಸಿ ಬಲಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಮೀನು ಕುರುಡು ಪಕ್ಕವನ್ನು ಕೆಳಗೆ ಮಾಡಿ ತಳದಲ್ಲಿ ಮಲಗುತ್ತದೆ. ಮೇಲಿನ ಮೈ ಮರಳಿನ ಕಂದು, ಕೆಳಗಿನದು ಬಿಳುಪು. ಹೆಸರೂ ಸ್ವಾರಸ್ಯವಾದುದೇ: ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಪವಿತ್ರವಾದ ಚಪ್ಪಟೆ ಮೀನು ಎಂದು, ಕ್ರೈಸ್ತರು ವ್ರತದ ದಿನಗಳಲ್ಲಿ ಮಾಂಸ ಬಿಟ್ಟು ಇದನ್ನು ತಿನ್ನುತ್ತಿದ್ದುದರಿಂದ ಬಂದದ್ದು.

ಚಳಿಗಾಲದಲ್ಲಿ ಹಾಲಿಬಟ್ ಮೊಟ್ಟೆಯಿಡಲು ಆಳಕಡಲಿಗೆ ಹೋಗುತ್ತದೆ. ಬೇಸಗೆಗೆ ಮೇಯಲೆಂದು ದಡದ ಸಮೀಪದ ಆಳವಿಲ್ಲದ ನೀರಿಗೆ ಬರುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಲಾಡ್ಜಿನವರಿಗೆ ಸುಗ್ಗಿಯಾಗುವುದು ಇದರಿಂದ. ಹೆರಿಂಗ್ ಎಂಬ ಸಣ್ಣ ಮೀನನ್ನೋ ಅಷ್ಟಪದಿಯ ತುಂಡನ್ನೋ ಗಾಳಕ್ಕೆ ಸಿಕ್ಕಿಸಿ, ಸೀಸದ ಗುಂಡು ಕಟ್ಟಿ, ನೂರು ಇನ್ನೂರು ಅಡಿ ಆಳಕ್ಕೆ ಇಳಿಬಿಡುತ್ತಾರೆ. ಎರೆ ತಳದಲ್ಲೇ ಇರಬೇಕು. ಅದರ ವಾಸನೆ ಹಿಡಿದು ಮೀನು ಬರುತ್ತದೆ. ನೀರು ಜೋರಾಗಿ ಹರಿಯುವಾಗ ಗುಂಡು ಎಷ್ಟೇ ಭಾರವಿದ್ದರೂ ದಾರ ಓರೆಯಾಗಿ, ಎರೆ ತಳ ಬಿಟ್ಟು ಮೇಲೇಳುತ್ತದೆ. ಭರತ ಮುಗಿದು ಇಳಿತ ತೊಡಗುವ ಮೊದಲು, ಇಳಿತ ಮುಗಿದು ಭರತ ತೊಡಗುವ ಮೊದಲು, ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಹೊತ್ತೇ ಮುಹೂರ್ತ. ಹುಣ್ಣಿಮೆಯಲ್ಲಿ ಆ ಮುಹೂರ್ತ ಬಂದದ್ದೂ ಹೋದದ್ದೂ ತಿಳಿಯದು. ಅಷ್ಟಮಿಯಲ್ಲಿ ಹರಿವೇ ನಿಧಾನ, ನಿಲುವು ದೀರ್ಘ. ನನ್ನ ಶಿಷ್ಯ ಅಷ್ಟಮಿಯನ್ನು ಕೇಳಿದ್ದರ ಗುಟ್ಟು ಇದು.

ಇನ್ನು ಸಾಲ್ಮನ್. ಬರೆಯುವಾಗ ಲಕಾರ ಉಂಟು, ಇಂಗ್ಲಿಷಿನವರು ನುಡಿಯುವಾಗ ಇಲ್ಲ. ನಾವು ಲಕಾರವನ್ನು ಇಟ್ಟುಕೊಳ್ಳೋಣ. ಅಲಾಸ್ಕದಲ್ಲಿ ಇದರ ಜಾತಿ ಐದು. ಚಿನೂಕ್ ಎಲ್ಲಕ್ಕೂ ದೊಡ್ಡದು, ಆದ್ದರಿಂದ ಅದನ್ನು ರಾಜಮೀನು ಎನ್ನುತ್ತಾರೆ. ಸಾಕೈ ಎಂಬುದು ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳ ಮಾತಿನಿಂದ ಬಂದದ್ದು; ಕೆಂಪು ಮೀನು ಎಂದು ಅರ್ಥ. ಕೋಹೋ ಬೆಳ್ಳಿಯ ಬಣ್ಣದ್ದು. ಗುಲಾಬಿ ಸಾಲ್ಮನ್ ಗಾತ್ರದಲ್ಲಿ ಚಿಕ್ಕದು, ಸಂಖ್ಯೆಯಲ್ಲಿ ದೊಡ್ಡದು. ಸರಿಯಾಗಿ ಎರಡೇ ವರ್ಷದ ಬಾಳು. ಐದನೆಯದು ಚಮ್. ಇವು ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಹುಟ್ಟಿದ ಹೊಳೆಗೇ ಮರಳಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತವೆ. ತವರಿನ ಹೊಳೆಯನ್ನು ಅದರ ನೀರಿನ ವಾಸನೆಯಿಂದ ಗುರುತಿಸುತ್ತವೆಂಬುದನ್ನು ಆರ್ಥರ್ ಹ್ಯಾಸ್ಲರ್ ಎಂಬ ಅಮೆರಿಕದ ವಿಜ್ಞಾನಿ ೧೯೫೦ರ ದಶಕದಿಂದ ಪ್ರಯೋಗಗಳ ಮೂಲಕ ತೋರಿಸಿದ. ಸತ್ತ ಮೀನಿನ ಸಾರ ಹೊಳೆಯಂಚಿನ ಮರಗಳಿಗೆ ಗೊಬ್ಬರವಾಗುತ್ತದೆ.

ಮರಳುವ ಕಾಲವೂ ಒಂದೊಂದಕ್ಕೆ ಒಂದೊಂದು. ಮೇ ಜೂನುಗಳಲ್ಲಿ ರಾಜಮೀನು ಮುಂಚೂಣಿಯಲ್ಲಿ. ಜೂನ್ ಜುಲೈಯಲ್ಲಿ ಸಾಕೈ. ಜುಲೈ ಆಗಸ್ಟಿನಲ್ಲಿ ಗುಲಾಬಿ ಮತ್ತು ಚಮ್. ಆಗಸ್ಟ್ ಸೆಪ್ಟೆಂಬರಿನಲ್ಲಿ ಕೋಹೋ. ಆದ್ದರಿಂದ ಯಾವ ಮೀನು ಬೇಕೆಂದು ಹೇಳದೆ ಯಾವ ತಿಂಗಳು ಒಳ್ಳೆಯದೆಂದು ಕೇಳುವುದು, ವಿಭಕ್ತಿ ಹೇಳದೆ ಅರ್ಥ ಕೇಳಿದಂತೆ. ಕಡಲಿನಲ್ಲಿ ಸಾಲ್ಮನ್ ತಳದಲ್ಲಿ ಮಲಗುವುದಿಲ್ಲ. ಹೆರಿಂಗ್ ಗುಂಪುಗಳ ಬೆನ್ನಟ್ಟಿ ತಿರುಗುತ್ತದೆ. ಹರಿವು ಭೂಶಿರಕ್ಕೆ ತಾಗಿ ಸುಳಿಯಾಗುವಲ್ಲಿ ಹೆರಿಂಗ್ ಕೂಡುತ್ತವೆ, ಅಲ್ಲೇ ಸಾಲ್ಮನ್ ಬರುತ್ತದೆ. ಹಾಲಿಬಟ್ಟಿಗೆ ನಿಂತ ನೀರು, ಸಾಲ್ಮನ್ನಿಗೆ ಹರಿಯುವ ನೀರು. ಜಾಣ ದೋಣಿಯವ ಒಂದೇ ದಿನದಲ್ಲಿ ಎರಡನ್ನೂ ಹೊಂದಿಸುತ್ತಾನೆ.

ಮೂರನೆಯದು ಗಾಳಿ. ಬೇಸಗೆಯೆಂದರೆ ನಮ್ಮ ಏಪ್ರಿಲ್ ಎಂದು ತಿಳಿಯಬೇಡಿ. ಜುಲೈಯ ನಡುಹಗಲಲ್ಲಿ ಹೋಮರಿನ ಬಿಸಿಲು ೧೬ ಡಿಗ್ರಿಯ ಆಸುಪಾಸು. ಜೂನಿನಲ್ಲಿ ಹಗಲು ಸುಮಾರು ೧೯ ಗಂಟೆ. ಸಂಧ್ಯಾವಂದನೆಗೆ ಕಾದವನು ನಿದ್ದೆಗೆಡಬೇಕು! ಬೆಳಗ್ಗೆ ಕೊಲ್ಲಿ ಕನ್ನಡಿಯಂತಿದ್ದರೂ ಮಧ್ಯಾಹ್ನ ನೆಲ ಕಾದ ಮೇಲೆ ಕಡಲ ಕಡೆಯಿಂದ ಗಾಳಿ ಏಳುತ್ತದೆ. ಹರಿವಿಗೆ ಎದುರಾಗಿ ಬೀಸಿದರಂತೂ ಅಲೆ ಕಡಿದಾಗುತ್ತದೆ. ನೀರು ೧೦-೧೨ ಡಿಗ್ರಿಯಷ್ಟು ತಣ್ಣಗೆ. ಅದರಲ್ಲಿ ಬಿದ್ದವನ ಕೈಬೆರಳು ಕೆಲವೇ ನಿಮಿಷಗಳಲ್ಲಿ ಸೆಟೆದು, ಈಜುಬಲ್ಲವನೂ ಹಗ್ಗ ಹಿಡಿಯಲಾರ. ತೇಲುವ ಅಂಗಿ ತೊಡದೆ ದೋಣಿ ಹತ್ತಬಾರದೆಂಬುದು ಇದಕ್ಕೇ. ಅಲ್ಲಿಯ ಹವಾಮಾನ ಇಲಾಖೆ ಗಾಳಿಯ ವೇಗವನ್ನೂ ಅಲೆಯ ಎತ್ತರವನ್ನೂ ರೇಡಿಯೋದಲ್ಲಿ ಹಗಲಿರುಳು ಹೇಳುತ್ತಿರುತ್ತದೆ. ಚಿಕ್ಕ ದೋಣಿಗಳಿಗೆ ಎಚ್ಚರಿಕೆ ಬಂದಿತೆಂದರೆ, ಅಷ್ಟಮಿಯಿರಲಿ ನವಮಿಯಿರಲಿ, ದೋಣಿ ದಡದಲ್ಲೇ. ಆಕಾಶವಾಣಿಯ ಶ್ರೋತೃಗಳಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇಷ್ಟೆಲ್ಲ ಕೂಡಿಬಂದರೂ ಸಾಲದು. ಮೀನೇ ಇರಬೇಕಷ್ಟೆ. ಅಲಾಸ್ಕದಲ್ಲಿ ಸಾಲ್ಮನ್ ಒಮ್ಮೆ ಎಷ್ಟು ಕುಗ್ಗಿತೆಂದರೆ ೧೯೫೩ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅದನ್ನು ವಿಪತ್ತೆಂದೇ ಘೋಷಿಸಿದರು. ಹೊಳೆಬಾಯಿಗಳಲ್ಲಿ ಕಂಪನಿಗಳು ಹೂಡಿದ್ದ ದೊಡ್ಡ ಬೋನುಗಳ ಮೇಲೆ ಜನಕ್ಕೆ ಸಿಟ್ಟಿತ್ತು. ೧೯೫೬ರಲ್ಲಿ ತಮ್ಮ ಸಂವಿಧಾನಕ್ಕೆ ಮತ ಕೊಡುವಾಗಲೇ ಬೋನುಗಳನ್ನು ನಿಷೇಧಿಸಲೂ ಮತ ಕೊಟ್ಟರು. ಮೀನು, ಕಾಡು ಮೊದಲಾದವನ್ನು ತೀರಿಹೋಗದಂತೆ ಬಳಸಬೇಕೆಂಬ ಮಾತು ಆ ಸಂವಿಧಾನದಲ್ಲೇ ಇದೆ. ೧೯೫೯ರಲ್ಲಿ ರಾಜ್ಯವಾದಾಗ ಸುಮಾರು ಎರಡೂವರೆ ಕೋಟಿಯಿದ್ದ ಸಾಲ್ಮನ್ ಹಿಡುವಳಿ ೨೦೧೩ರಲ್ಲಿ ೨೭ ಕೋಟಿಯನ್ನು ಮೀರಿತು.

ಆದರೆ ಲೆಕ್ಕದಲ್ಲಿ ಹೆಚ್ಚಿನವು ಗುಲಾಬಿ ಮೀನು. ರಾಜಮೀನಿನ ಕಥೆ ಬೇರೆ. ೧೯೮೫ರಲ್ಲಿ ಕೀನೈ ನದಿಯಲ್ಲಿ ಗಾಳಕ್ಕೆ ಸಿಕ್ಕಿದ ರಾಜಮೀನು ೪೪ ಕಿಲೋ ತೂಗಿ ಲೋಕದಾಖಲೆಯಾಯಿತು. ಆಮೇಲೆ ಮರಳುವ ಮೀನುಗಳ ಗಾತ್ರವೂ ಕುಗ್ಗುತ್ತ ಬಂತು, ಸಂಖ್ಯೆಯೂ ಕುಗ್ಗಿತು. ೨೦೧೪ರಿಂದ ೨೦೧೬ರವರೆಗೆ ಆ ಕಡಲು ಎಂದೂ ಇಲ್ಲದಷ್ಟು ಬೆಚ್ಚಗಾಗಿದ್ದುದು ಮೀನಿನ ಮೇವಿಗೇ ಪೆಟ್ಟು ಕೊಟ್ಟಿತು. ೨೦೨೩ರಲ್ಲಿ ಅದೇ ಕೀನೈ ನದಿಯಲ್ಲಿ ಋತು ಆರಂಭವಾಗುವ ಮೊದಲೇ ರಾಜಮೀನಿಗೆ ಗಾಳ ಹಾಕುವುದನ್ನು ನಿಲ್ಲಿಸಿದರು. ಉತ್ತರದ ಯೂಕಾನ್ ನದಿಯ ರಾಜಮೀನನ್ನು ಏಳು ವರ್ಷ ಮುಟ್ಟುವುದಿಲ್ಲವೆಂದು ೨೦೨೪ರಲ್ಲಿ ಅಲಾಸ್ಕವೂ ಕೆನಡಾವೂ ಒಪ್ಪಂದ ಮಾಡಿಕೊಂಡವು. ಏಳು ವರ್ಷವೆಂದರೆ ಆ ಮೀನಿನ ಒಂದು ತಲೆಮಾರು. ಆ ನದಿಯ ದಡದಲ್ಲಿ ರಾಜಮೀನನ್ನು ಒಣಗಿಸಿ ಚಳಿಗಾಲ ಕಳೆಯುತ್ತಿದ್ದ ಮೂಲನಿವಾಸಿಗಳಿಗೆ ಇದು ವಿಹಾರದ ಮಾತಲ್ಲ, ಊಟದ ಮಾತು.

ಹಾಲಿಬಟ್ಟಿಗೂ ಕಾವಲುಂಟು. ಅಮೆರಿಕ ಕೆನಡಾಗಳು ೧೯೨೩ರಲ್ಲಿ ಮಾಡಿಕೊಂಡ ಹಾಲಿಬಟ್ ಒಪ್ಪಂದ, ಬ್ರಿಟನ್ನಿನ ಸಹಿಯಿಲ್ಲದೆ ಕೆನಡಾ ತಾನೇ ಸಹಿಹಾಕಿದ ಮೊದಲ ಒಪ್ಪಂದವೆಂದು ಚರಿತ್ರೆಯಲ್ಲಿ ಹೆಸರಾಗಿದೆ. ಅದರಿಂದ ಹುಟ್ಟಿದ ಆಯೋಗ ಇಂದಿಗೂ ವರ್ಷವರ್ಷವೂ ಮಿತಿಯನ್ನು ಗೊತ್ತುಮಾಡುತ್ತದೆ. ಈ ಜಾತಿಯಲ್ಲಿ ಬಹಳ ದೊಡ್ಡದಾಗಿ ಬೆಳೆಯುವುದು ಹೆಣ್ಣು. ಅದು ಮೊದಲ ಸಲ ಮೊಟ್ಟೆಯಿಡುವ ವೇಳೆಗೆ ಸುಮಾರು ಹನ್ನೆರಡು ವರ್ಷ ಕಳೆದಿರುತ್ತದೆ. ಆಮೇಲೆ ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು, ಲಕ್ಷಗಟ್ಟಲೆ. ಇಂದು ಬಳಸುವ ಬಳೆಯಾಕಾರದ ಗಾಳ ಮೀನಿನ ಹೊಟ್ಟೆಗಿಳಿಯದೆ ಬಾಯಂಚಿಗೆ ಸಿಕ್ಕುತ್ತದೆ. ಆದ್ದರಿಂದ ಬಿಟ್ಟುಬಿಟ್ಟರೆ ಬಹುಮಟ್ಟಿಗೆ ಬದುಕುತ್ತದೆ.

ಜುಲೈ ಕಳೆದ ಮೇಲೆ ನನ್ನ ಶಿಷ್ಯನ ಪತ್ರ ಬಂತು. ಅಷ್ಟಮಿಯ ಮರುದಿನ ನೀರು ನಿಂತ ಹೊತ್ತಿನಲ್ಲಿ ಅವನ ಹತ್ತು ವರ್ಷದ ಮಗನ ಗಾಳಕ್ಕೆ ಹಾಲಿಬಟ್ ಸಿಕ್ಕಿತಂತೆ. ಅಪ್ಪ ಮಗ ಇಬ್ಬರೂ ಸೇರಿ ಅರ್ಧ ಗಂಟೆ ಸುತ್ತಿ ಮೇಲಕ್ಕೆ ತಂದರಂತೆ. ದೋಣಿಯವ ನೀರಿನಲ್ಲೇ ಅಳತೆ ಹಿಡಿದು, ಐದಡಿ ಉದ್ದ, ಪಟ್ಟಿಯ ಪ್ರಕಾರ ೫೦ ಕಿಲೋಕ್ಕೆ ಹತ್ತಿರ, ಹೆಣ್ಣೇ ಇರಬೇಕು ಎಂದನಂತೆ. ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿರಲಿಲ್ಲ. ಅವನು ಅಪ್ಪನ ಮುಖ ನೋಡಿದ, ಅಪ್ಪ ಬಿಡೆಂದ. ಹುಡುಗ ಆ ದಿನವೆಲ್ಲ ಮಾತಾಡಲಿಲ್ಲವಂತೆ. "ನಾನು ಮಾಡಿದ್ದು ಸರಿಯೇ, ಮೇಷ್ಟ್ರೆ?" ಎಂದು ಪತ್ರದ ಕೊನೆಯಲ್ಲಿ ಕೇಳಿದ್ದ.

ಮೀನು ತಿನ್ನದವನು ಬಿಡುವುದೇ ಸರಿ ಎಂದರೆ ಅದರಲ್ಲಿ ಹೆಚ್ಚುಗಾರಿಕೆಯೇನು? ಆದ್ದರಿಂದ ತೀರ್ಪು ಹೇಳಲಿಲ್ಲ. "ಮಗನಿಗೆ ಕಾರಣ ಹೇಳಿದೆಯಾ?" ಎಂದಷ್ಟೇ ಬರೆದೆ. ಇಲ್ಲವೆಂದು ಉತ್ತರ ಬಂತು. ಹೇಳಲು ತನಗೂ ಸರಿಯಾಗಿ ಗೊತ್ತಿರಲಿಲ್ಲವಂತೆ, ದೋಣಿಯವನ ಮುಖ ನೋಡಿ ಬಿಟ್ಟೆನೆಂದ.

ಆ ಕಾರಣವನ್ನೇ ಇಷ್ಟು ಹೊತ್ತು ನಿಮಗೆ ಹೇಳಿದ್ದು. ಆ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಈ ಸಂಚಿಕೆಯನ್ನು ಅವನ ಅಪ್ಪನಿಗೆ ಕಳುಹಿಸುತ್ತೇನೆ. ಅವನು ಓದಿ ಹೇಳಲಿ.