ಕೇಳುವುದು ಅಗ್ಗ, ಕೊಡುವುದು ದುಬಾರಿ

ಸರ್ವರ್‌ಗೆ ಒಂದು ಕೋರಿಕೆ ಕಳಿಸಲು ತಗಲುವ ಖರ್ಚು ಅತ್ಯಲ್ಪ; ಅದಕ್ಕೆ ಉತ್ತರ ಸಿದ್ಧಪಡಿಸಲು ಸರ್ವರ್ ಪಡುವ ಶ್ರಮ ಅದರ ಎಷ್ಟೋ ಪಟ್ಟು. ಸೇವಾ ನಿರಾಕರಣೆ ದಾಳಿಗಳು ಬದುಕುವುದೇ ಈ ಅಂತರದ ಮೇಲೆ. ಇಲ್ಲಿ ಯಾರೂ ಬೀಗ ಮುರಿಯುವುದಿಲ್ಲ, ಮಾಹಿತಿ ಕದಿಯುವುದಿಲ್ಲ. ಹುಸಿ ಕೋರಿಕೆಗಳು ಮೆಮೊರಿಯನ್ನೋ ಪ್ರೊಸೆಸರನ್ನೋ ಸಂಪರ್ಕದ ಹಾದಿಯನ್ನೋ ತುಂಬಿಬಿಡುತ್ತವೆ. ನಿಜವಾದ ಬಳಕೆದಾರರಿಗೆ ಜಾಗ ಉಳಿಯುವುದಿಲ್ಲ.

1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸೇವಾ ಸಂಸ್ಥೆ ಹಲವು ದಿನ ತತ್ತರಿಸಿದ್ದು ಹೀಗೆಯೇ. ಟಿಸಿಪಿ ನಿಯಮದಂತೆ ಎರಡು ಕಂಪ್ಯೂಟರ್‌ಗಳ ನಡುವೆ ಮಾತು ಶುರುವಾಗಲು ಮೂರು ಸಂದೇಶ ಬೇಕು: ‘ಸಿನ್’ ಎಂಬ ಕರೆ, ಸರ್ವರ್‌ನ ಓಗೊಡುವಿಕೆ, ಕರೆದವರ ದೃಢೀಕರಣ. ಮೊದಲ ಕರೆ ಬಂದೊಡನೆ ಸರ್ವರ್ ಮೆಮೊರಿಯಲ್ಲಿ ಒಂದಿಷ್ಟು ಜಾಗ ಕಾದಿರಿಸಿ ಮೂರನೆಯದಕ್ಕೆ ಕಾಯುತ್ತಿತ್ತು. ದಾಳಿಕೋರರು ಸುಳ್ಳು ವಿಳಾಸ ಬರೆದು ಕರೆಯುತ್ತಲೇ ಹೋದರು. ಮೂರನೆಯ ಸಂದೇಶ ಬರಲಿಲ್ಲ, ಕಾದಿರಿಸಿದ ಜಾಗ ತೆರವಾಗಲಿಲ್ಲ.

ಅದೇ ತಿಂಗಳು ಡೇನಿಯಲ್ ಬರ್ನ್‌ಸ್ಟೀನ್ ಮತ್ತು ಎರಿಕ್ ಶೆಂಕ್ ರೂಪಿಸಿದ ‘ಸಿನ್ ಕುಕಿ’ ಇಂದಿಗೂ ಈ ಕ್ಷೇತ್ರದ ಅತಿ ಸುಂದರ ಉಪಾಯಗಳಲ್ಲಿ ಒಂದು. ಸರ್ವರ್ ಏನನ್ನೂ ಕಾದಿರಿಸುವುದಿಲ್ಲ. ನೆನಪಿಡಬೇಕಾದುದನ್ನು ಗುಟ್ಟಿನ ಲೆಕ್ಕದಲ್ಲಿ ಒಂದು ಸಂಖ್ಯೆಯಾಗಿಸಿ, ಉತ್ತರದೊಳಗೇ ಇಟ್ಟು ಕಳಿಸುತ್ತದೆ. ನಿಜವಾಗಿ ಕರೆದವರು ಆ ಸಂಖ್ಯೆಗೆ ಒಂದು ಕೂಡಿಸಿ ಮರಳಿಸುತ್ತಾರೆ. ಲೆಕ್ಕ ತಾಳೆಯಾದರೆ ಆಗ ಜಾಗ. ನೆನಪಿನ ಭಾರ ಬಂದವರದೇ ಆಯಿತು. ಲಿನಕ್ಸ್‌ನಲ್ಲಿ ಈಗ ಈ ಏರ್ಪಾಡು ಸಿದ್ಧವಾಗಿಯೇ ಇರುತ್ತದೆ. ಕಾಯುತ್ತಿರುವ ಕರೆಗಳ ಸರದಿ ತುಂಬಿದಾಗ ಕೆಲಸಕ್ಕಿಳಿಯುತ್ತದೆ.

ದಾಳಿ ಭೋರ್ಗರೆಯಲೇಬೇಕೆಂದಿಲ್ಲ. 2009ರ ‘ಸ್ಲೋಲೋರಿಸ್’ ಎಂಬ ದಾಳಿ ಕೋರಿಕೆಯನ್ನು ತುಣುಕು ತುಣುಕಾಗಿ, ಎಂದೂ ಮುಗಿಸದೆ ಕಳಿಸುತ್ತಿತ್ತು. ಪ್ರತಿ ಸಂಪರ್ಕಕ್ಕೂ ಒಬ್ಬ ಆಳನ್ನು ನಿಲ್ಲಿಸಿದಂತೆ ಕೆಲಸ ಮಾಡುತ್ತಿದ್ದ ಅಪಾಚೆ ಸರ್ವರನ್ನು ಕಟ್ಟಿಹಾಕಲು ಒಂದೇ ಸಾಧಾರಣ ಕಂಪ್ಯೂಟರ್ ಸಾಕಾಯಿತು. ಕೋರಿಕೆ ಇಷ್ಟು ಸೆಕೆಂಡಿನೊಳಗೆ ಪೂರ್ತಿ ಬರಬೇಕೆಂಬ ಗಡುವೇ ಇದಕ್ಕೆ ಮದ್ದು. ಅಪ್ಲಿಕೇಶನ್‌ನೊಳಗೂ ಇಂಥ ಸಡಿಲ ಜಾಗಗಳಿವೆ: ಡೇಟಾಬೇಸನ್ನೆಲ್ಲ ಜಾಲಾಡಿಸುವ ಹುಡುಕಾಟ, ಪಾಸ್‌ವರ್ಡ್ ಪರಿಶೀಲಿಸುವ ಲಾಗಿನ್. ಅವುಗಳಿಗೆ ಮಿತಿ ಬೇಕು. ಆದರೆ ಐಪಿ ವಿಳಾಸವೊಂದನ್ನೇ ನೋಡಿ ಮಿತಿ ಹಾಕುವುದು ಅನ್ಯಾಯ. ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸದ ಹಿಂದೆ ನೂರಾರು ಗ್ರಾಹಕರಿರಬಹುದು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ ನೂಕುನುಗ್ಗಲೂ ಸರ್ವರ್‌ನ ಕಣ್ಣಿಗೆ ದಾಳಿಯಂತೆಯೇ ಕಾಣುತ್ತದೆ. ಅಲ್ಲಿ ತಡೆಯುವುದು ಪರಿಹಾರವಲ್ಲ, ಪುಟಗಳನ್ನು ಮೊದಲೇ ಸಿದ್ಧಪಡಿಸಿ ಕ್ಯಾಶೆಯಲ್ಲಿಡುವುದು ಪರಿಹಾರ.

ಸರ್ವರ್ ಎಷ್ಟೇ ಜಾಣತನ ತೋರಿದರೂ, ಅದರತ್ತ ಬರುವ ಹಾದಿಯೇ ಕಟ್ಟಿಕೊಂಡರೆ ಏನೂ ನಡೆಯದು. 2018ರ ಫೆಬ್ರುವರಿ 28ರಂದು ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಹಬ್ ತಾಣದ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ದಟ್ಟಣೆ ಬಂದೆರಗಿತು. ದಾಳಿಕೋರರು ಗಿಟ್‌ಹಬ್‌ನ ವಿಳಾಸದಿಂದ ಬರೆದಂತೆ ನಟಿಸಿ, ಬಯಲಿನಲ್ಲಿ ತೆರೆದಿದ್ದ, ಮಾಹಿತಿಯನ್ನು ಮೆಮೊರಿಯಲ್ಲಿಟ್ಟು ಬೇಗ ಒದಗಿಸುವ ಮೆಮ್‌ಕ್ಯಾಶ್ಡ್ ಸರ್ವರ್‌ಗಳಿಗೆ ಪುಟ್ಟ ಪ್ರಶ್ನೆ ಕೇಳಿದ್ದರು. ಪ್ರಶ್ನೆಯ 51,000 ಪಟ್ಟು ದೊಡ್ಡ ಉತ್ತರ ಗಿಟ್‌ಹಬ್‌ನತ್ತ ಹರಿಯಲು ಅಲ್ಲಿ ಅವಕಾಶವಿತ್ತು. ದಟ್ಟಣೆಯನ್ನು ಅಕಮೈ ಸಂಸ್ಥೆಯ ವಿಶಾಲ ಜಾಲಕ್ಕೆ ತಿರುಗಿಸಿ ಸೋಸಿದ್ದರಿಂದ ನಿಮಿಷಗಳಲ್ಲೇ ಗಿಟ್‌ಹಬ್ ಚೇತರಿಸಿಕೊಂಡಿತು. ಇಂಥ ಜಾಲದ ಆಸರೆ ಪಡೆದವರು ಮೂಲ ಸರ್ವರ್‌ನ ವಿಳಾಸವನ್ನು ಗುಟ್ಟಾಗಿಡಬೇಕು. ಇಲ್ಲದಿದ್ದರೆ ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಈ ಬಗೆಯ ದಾಳಿಯ ಬೇರು ಸುಳ್ಳು ವಿಳಾಸ. ತನ್ನ ಗ್ರಾಹಕರದಲ್ಲದ ವಿಳಾಸ ಹೊತ್ತ ಪ್ಯಾಕೆಟನ್ನು ಪ್ರತಿ ಇಂಟರ್ನೆಟ್ ಸಂಸ್ಥೆ ತನ್ನ ಗಡಿಯಲ್ಲೇ ಬೀಳಿಸಬೇಕೆಂಬ ಶಿಫಾರಸು, ಆರ್‌ಎಫ್‌ಸಿ 2827, ಬಂದದ್ದು 2000ದ ಮೇನಲ್ಲಿ. ಅದನ್ನು ಎಲ್ಲರೂ ಪಾಲಿಸದಿರುವುದು ಈ ಕ್ಷೇತ್ರದ ದೊಡ್ಡ ಲೋಪ. ಯಾರೋ ಮಾಡದ ಕೆಲಸಕ್ಕೆ ಇನ್ಯಾರೋ ಬೆಲೆ ತೆರುತ್ತಿದ್ದಾರೆ.

ಹಳೆಯ ತಪ್ಪು ಹೊಸ ವೇಷದಲ್ಲೂ ಮರಳಿತು. 2023ರ ‘ರ‍್ಯಾಪಿಡ್ ರೀಸೆಟ್’ ದಾಳಿ ವೆಬ್ ಸಂವಹನದ ನಿಯಮವಾದ ಎಚ್‌ಟಿಟಿಪಿ/2ರಲ್ಲಿ ಕೋರಿಕೆ ಕಳಿಸಿ ಮರುಕ್ಷಣವೇ ರದ್ದು ಮಾಡುತ್ತಿತ್ತು. ರದ್ದಾದದ್ದು ಏಕಕಾಲದ ಕೋರಿಕೆಗಳ ಮಿತಿಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಸರ್ವರ್‌ನ ಕೆಲಸ ಮಾತ್ರ ಅಷ್ಟರಲ್ಲೇ ಶುರುವಾಗಿರುತ್ತಿತ್ತು. ಗೂಗಲ್ ಸೆಕೆಂಡಿಗೆ 39.8 ಕೋಟಿ ಕೋರಿಕೆ ಎದುರಿಸಿತು. ರದ್ದತಿಗಳನ್ನೂ ಎಣಿಸಿ, ಅತಿಯಾದರೆ ಸಂಪರ್ಕವನ್ನೇ ಕಡಿಯುವುದು ಈಗಿನ ಪರಿಹಾರ.

ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್‌ನ 2022ರ ನಿರ್ದೇಶನದ ಪ್ರಕಾರ ಇಂಥ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ದಾಳಿಯ ನಡುವೆ ಡಿಸ್ಕನ್ನು ತುಂಬಿಸುವುದೂ ಅದೇ ಲಾಗ್‌ಗಳಾದ್ದರಿಂದ ಅವನ್ನು ಬೇರೆ ಯಂತ್ರದಲ್ಲಿ ಇಡುವುದೇ ಕ್ಷೇಮ.